ಕೆಂಗೊರಳ ಹುಂಜ

ಬೆಟ್ಟಗಳು ಮಾತು ಕೇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ ಹೊಳೆಸಾಲು ಎಂಬ ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ಕೆಂಗೊರಳು ಎಂಬ ಹಳೇ ತಳಿಯ ಕೋಳಿಗಳಿದ್ದವು. ಆ ತಳಿಯ ಹುಂಜ ಮುಂಜಾನೆ ಕೂಗಿದರೆ ಎಂಥ ಮಾಟವೂ ಕರಗಿಹೋಗುತ್ತಿತ್ತು.

ಗುಡ್ಡದ ಮೇಲೆ ಕಾವಳನಾಥ ಎಂಬ ಮಾಯಾವಿಯಿದ್ದ. ಆ ಕೂಗು ಕಿವಿಗೆ ಬಿದ್ದರೆ ಅವನಿಗೆ ಮೈಯೆಲ್ಲ ಉರಿ. ಅವನು ವ್ಯಾಪಾರಿಯ ವೇಷದಲ್ಲಿ ಬಂದು ದಪ್ಪ ದಪ್ಪ ಕೋಳಿಗಳನ್ನು ಊರೂರಿಗೆ ಹಂಚಿದ. ಜನ ಆಸೆಪಟ್ಟು ಸಾಕಿದರು. ತಳಿಗಳು ಬೆರೆತವು. ಬರುಬರುತ್ತ ಎಲ್ಲಿ ನೋಡಿದರೂ ಬೆರಕೆ ಕೋಳಿಗಳೇ ಆದವು; ಅವುಗಳ ಕೂಗಿಗೆ ಶಕ್ತಿಯಿರಲಿಲ್ಲ. ಆಗ ಗುಡ್ಡದಿಂದ ಹೊಲಗದ್ದೆಗಳ ಮೇಲೆ ಮಂಜು ಇಳಿಯಿತು. ಅದರೊಳಗೆ ಸಿಕ್ಕವರೆಲ್ಲ ಕಲ್ಲಾದರು. ಹೊಲಕ್ಕೆ ಹೋಗಿದ್ದ ಬೊಮ್ಮಣ್ಣನೂ ನೇಗಿಲು ಹಿಡಿದಂತೆಯೇ ಕಲ್ಲಾದ.

ಅವನ ಹೆಂಡತಿ ಮಾಳವ್ವ ಸೆರಗು ಬಿಗಿದು ಎದ್ದಳು. "ಅತ್ತೆ, ಎಲ್ಲಾದರೂ ಒಂದು ಅಸಲಿ ಕೆಂಗೊರಳು ಉಳಿದಿರಬೇಕು. ಹುಡುಕಿ ತರ್ತೀನಿ."

"ಒಬ್ಬಳೇ ಹೋಗ್ತೀಯೇನೇ?"

"ಹೋಗ್ತೀನಿ. ಬಾಗಿಲು ಹಾಕ್ಕೊಂಡು ಒಳಗೇ ಇರಿ."

ಮಂಜು ಮುಟ್ಟದ ದಿಣ್ಣೆಯ ಮೇಲೆ ನಡೆದು ನಡೆದು ಅವಳು ಒಂದು ಹಾಳು ಕೋಟೆಗೆ ಬಂದಳು. ಅಲ್ಲಿ, ಗೋಡೆಯ ಗೂಡಿನಲ್ಲಿ, ಕೆಂಗೊರಳ ಹೇಂಟೆಯೊಂದು ಕಾವು ಕೂತಿತ್ತು. ಅದರ ಮುಂದೆ ಕೆಂಡದ ಕಣ್ಣಿನ ನರಿಯೊಂದು ಕಾವಲಿತ್ತು.

"ನಿನ್ನ ತೋಳು ಕಚ್ಚುತ್ತೇನೆ," ಎಂದಿತು ನರಿ. "ನೀನು ಚೀರಿದರೆ ಹೇಂಟೆ ಬೆದರಿ ಓಡುತ್ತದೆ, ಮೊಟ್ಟೆ ತಣ್ಣಗಾಗುತ್ತವೆ. ಚೀರದಿದ್ದರೆ ತೆಗೆದುಕೊಂಡು ಹೋಗು."

ಮಾಳವ್ವ ತೋಳು ಚಾಚಿದಳು. ನರಿ ಕಚ್ಚಿತು. ಕಣ್ಣಲ್ಲಿ ನೀರು ಸುರಿಯಿತು, ಬಾಯಿಂದ ಸದ್ದು ಹೊರಡಲಿಲ್ಲ. ಹೇಂಟೆ ಕದಲಲಿಲ್ಲ. ನರಿ ಹಲ್ಲು ಸಡಿಲಿಸಿ ದಾರಿ ಬಿಟ್ಟಿತು. ಮಾಳವ್ವ ಹೇಂಟೆಯನ್ನೂ ಮೊಟ್ಟೆಗಳನ್ನೂ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು.

ಮನೆಯಲ್ಲಿ ಮೊಟ್ಟೆ ಒಡೆದು ಮರಿಗಳು ಬಂದವು. ಕಾವಳನಾಥನಿಗೆ ಅದು ತಿಳಿಯಿತು. ಅವನು ಊದಿದ ಗಾಳಿಗೆ ಊರಿನ ಕಾಳೆಲ್ಲ ಮರಳಾಯಿತು. ಮರಿಗಳಿಗೆ ಹಾಕಲು ಹಿಡಿ ನುಚ್ಚೂ ಉಳಿಯಲಿಲ್ಲ. ಮಾಳವ್ವ ಮಡಕೆಗೆ ಸಗಣಿ, ಹುಲ್ಲು ತುಂಬಿ ಹುತ್ತದ ಪಕ್ಕ ಬೋರಲು ಹಾಕಿದಳು. ಅದಕ್ಕೆ ಹತ್ತಿದ ಗೆದ್ದಲನ್ನು ಅಂಗಳದಲ್ಲಿ ಕೊಡವಿದಳು. ತಾಯಿಕೋಳಿ ಕೊಕ್ ಕೊಕ್ ಎಂದು ಕರೆಯಿತು, ಮರಿಗಳು ಓಡಿಬಂದು ತಿಂದವು. ಅವಳು ಹಸಿದೇ ದಿನ ದೂಡಿದಳು, ಮರಿಗಳನ್ನು ಹಸಿಯಗೊಡಲಿಲ್ಲ. ಆದರೂ ಹಲವು ಮರಿ ಸತ್ತವು. ಉಳಿದವುಗಳಲ್ಲಿ ಹುಂಜ ಒಂದೇ.

ಅದು ಕೂಗುವ ವಯಸ್ಸಿಗೆ ಬಂದಾಗ, ಒಂದು ಮುಂಜಾನೆ, ಕಾವಳನಾಥನೇ ಅಂಗಳಕ್ಕೆ ಬಂದ. ಚಿಟಿಕೆ ಹೊಡೆದ. ಒಂದು ಹುಂಜವಿದ್ದಲ್ಲಿ ಮೂರು ನಿಂತವು. ಅದೇ ಜುಟ್ಟು, ಅದೇ ಕಾಲು, ಅದೇ ಕೆಂಪು ಕೊರಳು.

"ಒಂದನ್ನು ಆರಿಸಿ ಕೂಗಿಸು. ತಪ್ಪಾದರೆ ಮಂಜು ಎಂದೆಂದಿಗೂ ಕವಿದೇ ಇರುತ್ತದೆ. ಇಲ್ಲವೇ ಮೂರನ್ನೂ ನನಗೆ ಕೊಟ್ಟುಬಿಡು, ನಿನ್ನ ಗಂಡ ಈಗಲೇ ಮನೆಗೆ ಬರುತ್ತಾನೆ."

"ಉಳಿದವರು?"

"ಅವರು ನಿನಗೇನಾಗಬೇಕು?"

ಮಾಳವ್ವ, ಬೊಮ್ಮಣ್ಣ ನಿಂತಿದ್ದ ಹೊಲದ ಕಡೆ ನೋಡಿದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಮೊದಲ ಹುಂಜವನ್ನು ಎತ್ತಿಕೊಂಡಳು.

ಕೊರಳ ಗರಿಗೆ ಉಫ್ ಎಂದು ಊದಿದಳು. ಒಳಗಿನ ತುಪ್ಪುಳು ಹತ್ತಿಯಂತೆ ಬೆಳ್ಳಗಿತ್ತು. "ಇದು ಬೆರಕೆ," ಎಂದು ಕೆಳಗಿಳಿಸಿದಳು. ಎರಡನೆಯದಕ್ಕೆ ಊದಿದಳು. ತುಪ್ಪುಳು ಬೂದಿಬಣ್ಣ, ಸರಿ. ಅದರಡಿಯ ಚರ್ಮ ಮಾತ್ರ ಹಳದಿ. "ಇದೂ ಬೆರಕೆ." ಮೂರನೆಯದಕ್ಕೆ ಊದಿದಳು. ಬೂದಿ ತುಪ್ಪುಳು, ಕಪ್ಪು ಚರ್ಮ: ಅವಳು ಕೈಯಾರೆ ಸಾಕಿದ ಅಸಲಿ ಕೆಂಗೊರಳು. ಮಾಯಾವಿ ಮೇಲೆ ಕಂಡದ್ದನ್ನಷ್ಟೇ ನಕಲು ಮಾಡಿದ್ದ.

ಅವಳು ಅದನ್ನು ಗೋಡೆಯ ಮೇಲೆ ನಿಲ್ಲಿಸಿದಳು. "ಕೂಗು, ಮಗನೇ."

ಹುಂಜ ರೆಕ್ಕೆ ಬಡಿಯಿತು. ಎಳೇ ಕೊರಳು ಒಡೆದು ಗೊಗ್ಗರಾಯಿತು. ಕಾವಳನಾಥ ನಕ್ಕ. ಮಾಳವ್ವ ಅದರ ಬೆನ್ನು ಸವರಿದಳು. "ಇನ್ನೊಂದು ಸಲ."

ಈ ಸಲ ಕೂಗು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಕಾವಳನಾಥ ಹೊಗೆಯಂತೆ ತೆಳುವಾಗಿ ಹರಿದುಹೋದ. ಮಂಜು ಕರಗಿತು. ಕಲ್ಲುಗಳು ಉಸಿರಾಡಿದವು. ಹೊಲದಲ್ಲಿ ಬೊಮ್ಮಣ್ಣ ಬೆನ್ನು ನೆಟ್ಟಗೆ ಮಾಡಿ ಮನೆಯ ಕಡೆ ಓಡಿಬಂದ.

ಊರಿನವರು ಬೆರಕೆ ಕೋಳಿಗಳನ್ನೆಲ್ಲ ಕೊಲ್ಲಲು ಹೊರಟರು. ಮಾಳವ್ವ ಅಡ್ಡ ನಿಂತಳು. "ಅವೇನು ತಪ್ಪು ಮಾಡಿವೆ? ಬೇರೆ ಗೂಡಲ್ಲಿ ಸಾಕಿ." ಮುಂದೆ ಹುಟ್ಟಿದ ಕೆಂಗೊರಳ ಮರಿಗಳನ್ನು ಮನೆಮನೆಗೂ ಕೊಟ್ಟಳು. ಹೊಳೆಸಾಲಿನಲ್ಲಿ ಬೆಳಗುಗಳು ಮತ್ತೆ ಬೆಳಗಾದವು; ಎಲ್ಲರೂ ಉಂಡು, ದುಡಿದು, ನಕ್ಕು, ನೂರ್ಕಾಲ ಬಾಳಿದರು.