ಬಹುನೋಟದ ಮುಂದೆ ಮೌನೇಶಪ್ಪ

ಸಂಜೆ ಏಳೂವರೆಗೆ ಹುಬ್ಬಳ್ಳಿಯ ವಿದ್ಯಾನಗರದ ಆ ಮನೆಯಲ್ಲಿ ನಾಲ್ವರು ಒಂದೇ ಸೋಫಾದ ಮೇಲೆ, ಒಂದೇ ಗೋಡೆಗೆ ಮುಖ ಮಾಡಿ ಕೂತಿದ್ದರು. ಗೋಡೆಯ ಮೇಲಿದ್ದದ್ದು ಒಂದೇ ಪರದೆ. ಡಾ. ಸ್ಫೂರ್ತಿ ಬಡಿಗೇರ ಅದರಲ್ಲಿ ನೋಡುತ್ತಿದ್ದುದು ಧ್ರುವಪ್ರದೇಶದ ಹಿಮ ಕರಗುವ ಕುರಿತ ಸಾಕ್ಷ್ಯಚಿತ್ರ. ಪಕ್ಕದಲ್ಲಿದ್ದ ಗಂಡ ಪ್ರಮೋದನಿಗೆ ಅದೇ ಪರದೆಯ ಅದೇ ಜಾಗದಲ್ಲಿ ಕ್ರಿಕೆಟ್ ನಡೆದಿತ್ತು. ಹದಿನಾರರ ಮಗಳು ಇಳಾ ಅರೆನಿಮಿಷಕ್ಕೊಂದು ಬದಲಾಗುವ ತುಣುಕುಗಳನ್ನು ನೋಡುತ್ತ ಒಬ್ಬಳೇ ನಗುತ್ತಿದ್ದಳು. ತುದಿಯಲ್ಲಿ ಸ್ಫೂರ್ತಿಯ ತಂದೆ, ಎಂಬತ್ತನಾಲ್ಕರ ಮೌನೇಶಪ್ಪ, ಮೊಣಕಾಲಿನ ಮೇಲೆ ಕೈಯೂರಿ ಕಣ್ಣು ಕದಲಿಸದೆ ಕೂತಿದ್ದರು. ಅವರಿಗೆ ಏನು ಕಾಣುತ್ತಿದೆ ಎಂಬುದು ಉಳಿದ ಮೂವರಿಗೆ ಗೊತ್ತಾಗುವಂತಿರಲಿಲ್ಲ. ಆ ಯಂತ್ರದ ಹೆಚ್ಚುಗಾರಿಕೆಯೇ ಅದು.

ಯಂತ್ರದ ಹೆಸರು ಬಹುನೋಟ. ಎರಡು ಸಾವಿರದ ಐವತ್ತೊಂಬತ್ತನೇ ಇಸವಿಯ ಆ ಹೊತ್ತಿಗೆ ಅದು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಮುನ್ನೂರು ಮನೆಗಳಲ್ಲಿ ಪರೀಕ್ಷೆಗೆಂದು ಕೂಡಿಸಿದ್ದರು. ಪರದೆಯ ತುಂಬ ಸಾಸಿವೆಗಿಂತ ಸಣ್ಣ ಮಸೂರಗಳು, ಲಕ್ಷಗಟ್ಟಲೆ. ಪ್ರತಿಯೊಂದು ಮಸೂರವೂ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ಬಣ್ಣದ ಬೆಳಕನ್ನು ಒಟ್ಟಿಗೇ ಕಳಿಸಬಲ್ಲದು. ಮೇಲಂಚಿನ ಕ್ಯಾಮೆರಾ ಕೋಣೆಯಲ್ಲಿರುವವರ ಕಣ್ಣುಗಳನ್ನು ಗುರುತಿಸಿ, ಯಾರ ಕಣ್ಣಿಗೆ ಯಾವ ಚಿತ್ರ ಎಂದು ಮಸೂರಗಳಿಗೆ ತಿಳಿಸುತ್ತದೆ. ಶಬ್ದವೂ ಹಾಗೆಯೇ, ಸೂಜಿಯ ಹಾಗೆ ನೇರವಾಗಿ ಒಬ್ಬರ ಕಿವಿಗೆ ಮಾತ್ರ. ಜತೆಗೆ ನೋಡುವವರ ಕಣ್ಣಪಾಪೆ ಯಾವಾಗ ಹಿಗ್ಗುತ್ತದೆ, ಯಾವಾಗ ಕುಗ್ಗುತ್ತದೆ ಎಂಬುದನ್ನು ಗಮನಿಸಿ ಅವರವರ ಇಷ್ಟವನ್ನು ತಾನೇ ಕಲಿತುಕೊಳ್ಳುವ ಯಂತ್ರಬುದ್ಧಿ. ಇರುವ ಚಿತ್ರ ಸಾಲದಾದರೆ ಅದು ಹೊಸ ಚಿತ್ರವನ್ನೂ ಹೆಣೆಯುತ್ತದೆ.

ಐದು ವರ್ಷಗಳ ಹಿಂದೆ ಈ ಮನೆಯ ಪಡಸಾಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಊಟ ಮುಗಿದದ್ದೇ ಒಬ್ಬೊಬ್ಬರು ಒಂದೊಂದು ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಹೆಂಡತಿ ಕಸ್ತೂರಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದ ಮೌನೇಶಪ್ಪ ಒಮ್ಮೆ ಕೇಳಿದ್ದರು: “ಪಡಸಾಲ್ಯಾಗ ದೀಪ ಯಾಕ ಹಚ್ತೀರಿ? ಕೂಡೂವರು ಯಾರದಾರ?” ಆ ಮಾತು ಸ್ಫೂರ್ತಿಗೆ ನಾಟಿತ್ತು. ಬೇರೆ ಬೇರೆ ನೋಡುವ ಅಭ್ಯಾಸವನ್ನು ಯಾರಿಂದಲೂ ಬಿಡಿಸಲಾಗದು. ಆದರೆ ಬೇರೆ ಬೇರೆ ನೋಡುತ್ತಲೇ ಎಲ್ಲರೂ ಒಂದೆಡೆ ಕೂರುವಂತೆ ಮಾಡಬಹುದಲ್ಲ? ಪರದೆ ತಯಾರಿಸುವ ಕಂಪನಿಯಲ್ಲಿ ಸಂಶೋಧಕಿಯಾಗಿದ್ದ ಅವಳ ಆ ಯೋಚನೆಯಿಂದ ಹುಟ್ಟಿದ್ದು ಬಹುನೋಟ. ಈಗ ಸಂಜೆಯಾದರೆ ನಾಲ್ವರ ಮೈಬಿಸಿ ಒಂದೇ ಸೋಫಾದಲ್ಲಿತ್ತು. ಸ್ಫೂರ್ತಿ ಇದನ್ನು ತನ್ನ ಜೀವಮಾನದ ಗೆಲುವೆಂದೇ ತಿಳಿದಿದ್ದಳು.

ಒಂದು ಸೋಮವಾರ ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥ ದಿವಾಕರ ಕಾಮತ್ ಅವಳನ್ನು ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಪರೀಕ್ಷೆಯ ವರದಿಯಿತ್ತು.

“ಡಾಕ್ಟ್ರೇ, ಒಂದು ವಿಚಿತ್ರ ನೋಡಿ. ಯಾವ ಮನೆಯಲ್ಲಿ ಯಾರು ಅಂತ ಈ ವರದಿಯಲ್ಲಿಲ್ಲ, ನಂಬರ್ ಮಾತ್ರ ಇದೆ. ಮುನ್ನೂರು ಮನೆಗಳಲ್ಲಿ ಅತಿ ಹೆಚ್ಚು ಹೊತ್ತು, ಕಣ್ಣು ಆಚೀಚೆ ಮಾಡದೆ ನೋಡಿದವರು ಹದಿಹರೆಯದವರಲ್ಲ. ಎಪ್ಪತ್ತೈದು ದಾಟಿದ ನಲವತ್ತೊಂದು ಜನ. ಅವರೆಲ್ಲ ನೋಡ್ತಿರೋ ಕಾರ್ಯಕ್ರಮ ಯಾವುದು ಅಂದ್ರೆ, ಮೂಲ ‘ಇಲ್ಲ’ ಅಂತ ತೋರಿಸ್ತಿದೆ.”

“ಇಲ್ಲ ಅಂದರೆ?”

“ಯಾವ ವಾಹಿನಿಯದ್ದೂ ಅಲ್ಲ. ಯಂತ್ರ ತಾನೇ ಹೆಣೆದದ್ದು. ಅದರಲ್ಲೂ ಮೊದಲನೆಯ ಸ್ಥಾನ ಈ ಮನೆಯದು, ನೂರಾ ಹದಿನೇಳು. ಮೂರು ತಿಂಗಳಿಂದ ಒಂದೇ ಕಾರ್ಯಕ್ರಮ, ದಿನಾ ಎರಡು ತಾಸು.”

ನೂರಾ ಹದಿನೇಳು ಸ್ಫೂರ್ತಿಯದೇ ಮನೆ. ಅವಳು ಅದನ್ನು ಹೇಳಲಿಲ್ಲ. ಪರೀಕ್ಷಿಸಿ ತಿಳಿಸುವೆನೆಂದು ಎದ್ದು ಬಂದಳು.

ಆ ಭಾನುವಾರ ಮಧ್ಯಾಹ್ನ ಪ್ರಮೋದ ಮಗಳನ್ನು ಕರೆದುಕೊಂಡು ಈಜುಕೊಳಕ್ಕೆ ಹೋಗಿದ್ದ. ಮೌನೇಶಪ್ಪ ಒಳಗೆ ಮಲಗಿದ್ದರು. ಸ್ಫೂರ್ತಿ ಸೋಫಾದ ತುದಿಯಲ್ಲಿ, ಅಪ್ಪ ಕೂರುವ ಜಾಗದಲ್ಲಿ ಕೂತು, ಹಿಂದಿನ ಸಂಜೆ ಅವರಿಗೆ ಕಂಡದ್ದನ್ನೇ ತನಗೂ ತೋರಿಸುವಂತೆ ಯಂತ್ರಕ್ಕೆ ಆಜ್ಞೆ ಕೊಟ್ಟಳು.

ಪರದೆಯಲ್ಲಿ ಮೂಡಿದ್ದು ಇದೇ ಪಡಸಾಲೆ. ಇದೇ ಸೋಫಾ. ಅದರ ಮೇಲೆ ಪ್ರಮೋದ, ಇಳಾ, ತಾನು ಮತ್ತು ಅಪ್ಪ.

ಕಾರಣ ಹೊಳೆಯಲು ಅವಳಿಗೆ ತಡವಾಗಲಿಲ್ಲ. ಕಣ್ಣು ಗುರುತಿಸುವ ಕ್ಯಾಮೆರಾ ಕೋಣೆಯ ಚಿತ್ರವನ್ನು ಸದಾ ತೆಗೆಯುತ್ತಲೇ ಇರುತ್ತದೆ. ಯಂತ್ರ ಅಪ್ಪನಿಗೆ ಹಳೆಯ ಸಿನಿಮಾ ತೋರಿಸಿ ನೋಡಿದೆ, ಭಜನೆ, ಕುಸ್ತಿ, ಸುದ್ದಿ ಎಲ್ಲ ತೋರಿಸಿ ನೋಡಿದೆ. ಅವರ ಕಣ್ಣು ಮಾತ್ರ ಮತ್ತೆ ಮತ್ತೆ ಪರದೆಯಿಂದ ಸರಿದು ಪಕ್ಕದಲ್ಲಿ ಕೂತವರ ಕಡೆ ಹೋಗಿದೆ. ಹಾಗಾದರೆ ಇವರಿಗೆ ಬೇಕಾದದ್ದು ಇದೇ ಎಂದು ತಿಳಿದು, ಪಕ್ಕದವರನ್ನೇ ಪರದೆಗೆ ತಂದಿದೆ.

ಅವಳಿಗೆ ನಗು ಬಂತು. ಅಷ್ಟರಲ್ಲಿ ಪರದೆಯೊಳಗಿನ ಸ್ಫೂರ್ತಿ ತಲೆ ಹೊರಳಿಸಿ ತಂದೆಯನ್ನು ನೋಡಿದಳು. “ಅಪ್ಪಾ, ಮೊಣಕಾಲು ನೋವು ಹ್ಯಾಂಗೈತಿ? ಎಣ್ಣಿ ಹಚ್ಚಲೇನು?” ಎಂದಳು. ಇಳಾ ಎದ್ದುಬಂದು ಅಜ್ಜನ ಭುಜಕ್ಕೆ ಗಲ್ಲ ಆನಿಸಿ, “ಅಜ್ಜಾ, ನಿನ್ನ ಟಿವಿ ರಿಪೇರಿ ಅಂಗಡಿದು ಒಂದು ಸುದ್ದಿ ಹೇಳ,” ಎಂದಳು. ಪರದೆಯ ಮೇಲೆ ಎಲ್ಲರೂ ನಕ್ಕರು.

ಹಿಂದಿನ ಸಂಜೆ ಸ್ಫೂರ್ತಿ ಅಪ್ಪನೊಡನೆ ಒಂದು ಮಾತೂ ಆಡಿರಲಿಲ್ಲ. ಧ್ವನಿ ಮಾತ್ರ ಅವಳದೇ. ಕೊನೆಯಲ್ಲಿ ಸ್ವಲ್ಪ ಎಳೆದು ಮಾತಾಡುವ ಅಭ್ಯಾಸವನ್ನೂ ಯಂತ್ರ ಬಿಟ್ಟಿರಲಿಲ್ಲ.

ಮೌನೇಶಪ್ಪ ಎದ್ದುಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ತನ್ನ ಜಾಗದಲ್ಲಿ ಮಗಳು ಕೂತು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಅವರಿಗೆ ಎಲ್ಲ ಅರ್ಥವಾಯಿತು.

“ನೋಡಿದಿ ಏನು?” ಎಂದರು.

“ಅಪ್ಪಾ, ಅದರಾಗ ಮಾತಾಡೂವರು ನಾವಲ್ಲ ಅಂತ ನಿನಗ ಗೊತ್ತಿತ್ತೇನು?”

ಮೌನೇಶಪ್ಪ ಮೆಲ್ಲಗೆ ಬಂದು ಅವಳ ಪಕ್ಕ ಕೂತರು. “ಇಪ್ಪತ್ತೈದು ವರ್ಷ ಟಿವಿ ಬಿಚ್ಚಿ ಕೂಡಿಸೀನಿ ನಾ. ಚಿತ್ರ ಯಾವುದು, ಮಂದಿ ಯಾರು ಅನ್ನೂದು ತಿಳಿಯೂದಿಲ್ಲೇನು? ಮೊದಲನೇ ದಿನಾನ ಗೊತ್ತಾತು.”

“ಮತ್ತ ಯಾಕ ಹೇಳಲಿಲ್ಲ?”

“ನೀ ಮಾಡಿದ ಟಿವಿ. ಪೇಪರಿನ್ಯಾಗ ನಿನ್ನ ಫೋಟೋ ಬಂತು. ಅದು ಕೆಟ್ಟೈತಿ ಅಂತ ನಾ ಹ್ಯಾಂಗ ಹೇಳ್ಲಿ?” ಅವರು ಅಂಗೈಯಿಂದ ಮೊಣಕಾಲು ಸವರಿಕೊಂಡರು. “ಮತ್ತ ಖರೇ ಹೇಳಬೇಕಂದ್ರ, ಆಕಿ ಚಲೋ ಮಾತಾಡ್ತಿದ್ಲು.”

“ಯಾರು?”

“ಅದರಾಗಿನ ನೀ.”

ಈಜುಕೊಳದಿಂದ ಬಂದ ಪ್ರಮೋದ ಮತ್ತು ಇಳಾಗೂ ಸ್ಫೂರ್ತಿ ಅದನ್ನು ತೋರಿಸಿದಳು. ಪ್ರಮೋದ ಒದ್ದೆ ಟವೆಲ್ ಹಿಡಿದುಕೊಂಡೇ ನಿಂತ. ಇಳಾ ಕೊನೆಯವರೆಗೂ ನೋಡಿದಳು. ಪರದೆಯಲ್ಲಿ ತನ್ನದೇ ಮುಖ ಅಜ್ಜನ ಭುಜಕ್ಕೆ ಒರಗಿದಾಗ ಅವಳಿಗೆ ಸಿಟ್ಟು ಬಂತೋ ನಾಚಿಕೆಯಾಯಿತೋ, “ಅದು ನಾನಲ್ಲ,” ಎಂದು ಎದ್ದುಹೋದಳು. ಬಾಗಿಲ ತನಕ ಹೋಗಿ ನಿಂತಳು. “ಮಮ್ಮಿ, ಆಕಿ ನನಗಿಂತ ಚಲೋ ಅದಾಳ,” ಎಂದು ಅಳತೊಡಗಿದಳು.

ಮರುದಿನ ಸ್ಫೂರ್ತಿ ಕಾಮತನಿಗೆ ಎಲ್ಲವನ್ನೂ ವಿವರಿಸಿದಳು, ಮನೆ ಯಾರದೆಂಬುದೊಂದನ್ನು ಬಿಟ್ಟು. ಅವನು ಕೆಟ್ಟ ಮನುಷ್ಯನಲ್ಲ. ಎಲ್ಲ ಕೇಳಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಇದನ್ನೇ ಮುಂದಿಟ್ಟು ಮಾರಬಹುದು. ‘ಆತ್ಮೀಯ’ ಅಂತ ಹೆಸರಿಡೋಣ.”

“ಅದು ಸುಳ್ಳು, ದಿವಾಕರ್.”

“ಸುಳ್ಳಾದರೇನು? ಅವರಿಗೆ ನೆಮ್ಮದಿ ಸಿಗ್ತದಲ್ಲ. ಮಕ್ಕಳಿಗೂ ತೊಂದರೆಯಿಲ್ಲ. ನಿಮ್ಮ ಮನೆಯಲ್ಲೇ ಹೀಗಾಗಿದ್ದರೆ ನೀವು ಏನು ಮಾಡ್ತಿದ್ರಿ, ಹೇಳಿ.”

ಸ್ಫೂರ್ತಿ ವರದಿಯನ್ನು ಮಡಚಿಟ್ಟು ಎದ್ದಳು. ಪರೀಕ್ಷೆಯ ಮನೆಗಳು ಇನ್ನೂ ಅವಳ ಸುಪರ್ದಿನಲ್ಲಿದ್ದವು. ಒಂದು ವಾರ ಕೂತು ಯಂತ್ರಕ್ಕೆ ಒಂದು ಹೊಸ ಪಾಠ ಬರೆದಳು: ಪ್ರತಿ ಸಂಜೆ ಒಂದು ನಿಮಿಷ, ಮನೆಯ ಹಿರಿಯರಿಗೆ ಕಾಣುವುದೇ ಕೋಣೆಯಲ್ಲಿರುವ ಎಲ್ಲರಿಗೂ ಕಾಣಬೇಕು. ಅದನ್ನು ಚಾಲೂ ಮಾಡುವ ಮೊದಲು, ಕಂಪನಿಯ ಪಟ್ಟಿಯಿಂದ ಫೋನ್ ನಂಬರು ತೆಗೆಸಿ, ಉಳಿದ ನಲವತ್ತು ಜನರಿಗೂ ತಾನೇ ಫೋನ್ ಮಾಡಿ ಒಪ್ಪಿಗೆ ಕೇಳಿದಳು.

ಇಪ್ಪತ್ತೆಂಟು ಜನ ಒಪ್ಪಿದರು. ಹನ್ನೆರಡು ಜನ ಬೇಡವೆಂದರು. ಅವರಲ್ಲಿ ಗದಗಿನ ಒಬ್ಬ ಮುದುಕಿಯ ದನಿ ಬಹಳ ದಿನ ಸ್ಫೂರ್ತಿಯ ಕಿವಿಯಲ್ಲಿ ಉಳಿಯಿತು. “ನನ್ನ ಸೊಸಿ ಅದರಾಗರ ನನ್ನ ಕೂಡ ನಕ್ಕೋತ ಮಾತಾಡ್ತಾಳ ತಾಯಿ. ನೀ ಅದನ್ನ ಆಕಿಗೆ ತೋರಿಸಿದಿ ಅಂದ್ರ, ಆಕಿಗೆ ಅವಮಾನ ಆಗ್ತೈತಿ. ನಾಳಿಂದ ಇಲ್ಲೆ ಬಂದು ಕೂಡೂದೂ ಬಿಡ್ತಾಳ. ಇದ್ದದ್ದನ್ನೂ ಕಸಗೋಬ್ಯಾಡ.”

ಒಪ್ಪಿದ ಮನೆಗಳಲ್ಲಿ ಆ ಒಂದು ನಿಮಿಷ ಬಗೆಬಗೆಯಾಗಿ ಕೆಲಸ ಮಾಡಿತು. ಆರು ಮನೆಯವರು ಯಂತ್ರವನ್ನು ಬಿಚ್ಚಿಸಿ ವಾಪಸ್ ಕಳಿಸಿದರು. ಒಬ್ಬ ಮಗ, ತನ್ನ ಮಾನ ಕಳೆದರೆಂದು ಕಂಪನಿಗೆ ನೋಟಿಸು ಕೊಟ್ಟ. ಧಾರವಾಡದ ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ತಾಯಿಗೆ ದಿನಾ ಸಂಜೆ ಪಾಳಿ ಹಾಕಿಕೊಂಡು ಪತ್ರಿಕೆ ಓದಿ ಹೇಳತೊಡಗಿದರಂತೆ. ಬಹಳಷ್ಟು ಮನೆಗಳಲ್ಲಿ ಏನಾಯಿತೆಂಬುದು ತಿಳಿಯಲಿಲ್ಲ. ನಾಲ್ಕೈದು ದಿನ ಅಲ್ಲಿ ಯಾರೂ ಪರದೆ ಹಚ್ಚಲಿಲ್ಲ ಎಂಬುದಷ್ಟೇ ವರದಿಯಲ್ಲಿ ದಾಖಲಾಗಿತ್ತು.

ನೋಟಿಸು ಬಂದ ಮೇಲೆ ಕಂಪನಿ ಸ್ಫೂರ್ತಿಯ ಪಾಠವನ್ನು ಅಳಿಸಿ, ಅವಳನ್ನು ಯೋಜನೆಯಿಂದ ತೆಗೆಯಿತು. ಅವಳು ರಾಜೀನಾಮೆ ಕೊಟ್ಟು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದಳು. ಮುಂದಿನ ಯುಗಾದಿಗೆ ಬಹುನೋಟ ‘ಆತ್ಮೀಯ’ದೊಡನೆಯೇ ಅಂಗಡಿಗೆ ಬಂತು. ಜನ ಮುಗಿಬಿದ್ದು ಕೊಂಡರು. ಮೊದಲು ಹಿರಿಯರಿಗೆಂದು ತಂದರು. ಆಮೇಲೆ ನಡುವಯಸ್ಸಿನವರೂ ತಮಗೆ ಅದನ್ನೇ ಹಾಕಿಸಿಕೊಂಡರು. ಒಂದೇ ಸೋಫಾದಲ್ಲಿ ಗಂಡನ ಪಕ್ಕ ಕೂತು ಗಂಡ ಮಾತಾಡುವುದನ್ನು ಪರದೆಯಲ್ಲಿ ನೋಡುವ ಹೆಂಗಸರಿದ್ದರು. ಬೆಳೆದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯಲ್ಲಿ ಇನ್ನೂ ತೊದಲುವ ಅವನ ಹಳೆಯ ಮುಖವನ್ನು ನೋಡುವ ತಂದೆಯರಿದ್ದರು. ಮನೆಗಳು ಬಹಳ ಶಾಂತವಾಗಿದ್ದವು.

ಸ್ಫೂರ್ತಿಯ ಮನೆಯಲ್ಲಿ ಮಾತ್ರ ಗದ್ದಲ. ಅವಳು ಪರದೆಯನ್ನು ಹಳೆಯ ಕಾಲದ ಹಾಗೆ ಎಲ್ಲರಿಗೂ ಒಂದೇ ಚಿತ್ರ ಬರುವಂತೆ ಬದಲಿಸಿಟ್ಟಿದ್ದಳು. ಏನು ನೋಡಬೇಕೆಂಬುದಕ್ಕೆ ದಿನವೂ ಜಗಳ. ಒಂದೇ ದೃಶ್ಯವನ್ನು ಹತ್ತು ನಿಮಿಷ ನೋಡುವುದೆಂದರೆ ಇಳಾಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಎದ್ದು ಹೋಗುತ್ತಿದ್ದಳು, ಬರುತ್ತಿದ್ದಳು. ಪ್ರಮೋದ ಜಾಹೀರಾತು ಬಂದಾಗಲೆಲ್ಲ ಗೊಣಗುತ್ತಿದ್ದ. ಮೌನೇಶಪ್ಪ ನಡುವೆ ನಿದ್ದೆ ಹೋಗಿ, ಎಚ್ಚೆತ್ತು, “ಯಾರು ಗೆದ್ರು?” ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಅಪ್ಪನ ಮೊಣಕಾಲಿಗೆ ಎಣ್ಣೆ ಹಚ್ಚಲು ಸ್ಫೂರ್ತಿಗೆ ಎಷ್ಟೋ ದಿನ ನೆನಪಾಗುತ್ತಿರಲಿಲ್ಲ. ಪರದೆಯೊಳಗಿನ ಮಗಳಷ್ಟು ಒಳ್ಳೆಯ ಮಗಳಾಗುವುದು ಅವಳ ಕೈಲಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕುಸ್ತಿ ಬರುತ್ತಿತ್ತು. ಇಳಾ ಕೆಳಗೆ, ಅಜ್ಜನ ಕಾಲ ಬಳಿ ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು: “ಅಜ್ಜಾ, ಒಬ್ಬೊಬ್ಬರು ಒಂದೊಂದು ನೋಡೂದು ಯಾವಾಗ ಸುರು ಆತು? ಮಮ್ಮಿ ಮಷಿನ್ ಮಾಡಿದ ಮ್ಯಾಲ ಏನು?”

“ಇಲ್ಲವಾ. ಮಷಿನ್ ಪಾಪ, ಕಡೀಕ ಬಂತು.” ಮೌನೇಶಪ್ಪ ಪರದೆಯ ದನಿ ತಗ್ಗಿಸಲು ಹೇಳಿದರು. “ನಾ ಹನ್ನೆರಡು ವರ್ಷದಾಂವ ಇದ್ದಾಗ ನಮ್ಮ ಓಣಿಗೆಲ್ಲಾ ಒಂದ ಟಿವಿ. ಅಂಗಳದಾಗ ಇಡ್ತಿದ್ರು, ನಲವತ್ತು ಮಂದಿ ಕೂಡ್ತಿದ್ವಿ. ಆಮ್ಯಾಲ ಮನಿಗೊಂದು ಬಂತು. ನಿಮ್ಮ ಆಯಿ ಕಸ್ತೂರಿಗೆ ಧಾರಾವಾಹಿ ಬೇಕು, ನನಗ ಕುಸ್ತಿ. ಜಗಳಾಡಿಕೋತ ಎರಡೂ ನೋಡಿದ್ವಿ. ಆಕಿ ಧಾರಾವಾಹಿಯೊಳಗ ಯಾರು ಯಾರ ಮಗಳು ಅಂತ ನನಗ ಇವತ್ತೂ ನೆನಪೈತಿ.”

“ಆಮ್ಯಾಲ?”

“ಆಮ್ಯಾಲ ಮೊಬೈಲ್. ಎರಡು ಸಾವಿರದ ಇಪ್ಪತ್ತೈದನೇ ಇಸವಿ ಇರಬೇಕು. ನಿಮ್ಮ ಮಮ್ಮಿ ನಿನ್ನಷ್ಟ ಇದ್ಲು, ಹದಿನೇಳರಾಕಿ. ಟಿವಿ ಹಚ್ಚಿತ್ತು, ಯಾರೂ ನೋಡ್ತಿರಲಿಲ್ಲ. ಈಕಿ ಕೈಯಾಗ ಒಂದು ಮೊಬೈಲ್, ನನ್ನ ಕೈಯಾಗ ಒಂದು. ನಿಮ್ಮ ಆಯಿ ಅಡಗಿ ಮನಿಯಿಂದ ಬಂದು ಬಾಗಲದಾಗ ನಿಂತು ಏನೋ ಕೇಳಿದ್ಲು. ನಾ ‘ಹೂಂ’ ಅಂದೆ. ಈಕಿನೂ ‘ಹೂಂ’ ಅಂದ್ಲು. ಯಾರೂ ತಲಿ ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತ್ಲು, ಒಳಗ ಹೋದ್ಲು.”

“ಏನ್ ಕೇಳಿದ್ಲು ಆಯಿ?”

ಮೌನೇಶಪ್ಪ ಮಗಳ ಕಡೆ ನೋಡಿದರು. ಸ್ಫೂರ್ತಿ ನೆನಪು ಮಾಡಿಕೊಳ್ಳಲು ಹೆಣಗಿದಳು. ಆ ಮನೆಯ ಗೋಡೆಯ ಬಣ್ಣ, ಬಾಗಿಲ ಪರದೆಯ ಹೂವು, ಕೈಯಲ್ಲಿದ್ದ ಮೊಬೈಲಿನ ಮೂಲೆಯ ಸಣ್ಣ ಬಿರುಕು, ಎಲ್ಲ ನೆನಪಾದವು. ಅವ್ವನ ಮಾತು ಮಾತ್ರ ಇಲ್ಲ.

“ಗೊತ್ತಿಲ್ಲವಾ,” ಎಂದರು ಮೌನೇಶಪ್ಪ ಮೊಮ್ಮಗಳಿಗೆ. “ಅದಾದ ಮ್ಯಾಲ ಆಕಿ ಇಪ್ಪತ್ತಾರು ವರ್ಷ ಇದ್ಲು. ಅವತ್ತ ಏನ್ ಕೇಳಿದ್ದಿ ಅಂತ ಒಮ್ಮೆರ ಕೇಳಬಹುದಿತ್ತು.”