ಅರವತ್ತು ಖಾಲಿ ಹಾಳೆಗಳು

ಲಕೋಟೆಯೊಳಗಿಂದ ಪದ್ಮ ಹೊರಗೆಳೆದ ಅರವತ್ತು ಹಾಳೆಗಳೂ ಖಾಲಿಯಾಗಿದ್ದವು. ಒಂದರಲ್ಲೂ ಒಂದೇ ಒಂದು ಸಹಿ ಇಲ್ಲ! ಅವಳು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು, ಆಮೇಲೆ ಕೈಬಿಟ್ಟಳು. ಹಾಳೆಗಳು ಜಯಸಿಂಹರ ಬೇಸ್‌ಮೆಂಟಿನ ನೆಲದ ತುಂಬ ಹರಡಿಕೊಂಡವು.

ಇದು ನಡೆದದ್ದು ೧೯೭೬ರ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ, ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ. ನಾನು ರೇಣು, ಆಸ್ಪತ್ರೆಯಲ್ಲಿ ನರ್ಸು, ಇಂದುಮತಿ ಆಂಟಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು. ಆಂಟಿ ಮೂವತ್ತು ವರ್ಷ ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ, ತಮ್ಮನ ಜೊತೆ ಇರಲೆಂದು ಇಲ್ಲಿಗೆ ಬಂದವರು. ಶಿಕಾಗೋ ಕನ್ನಡಿಗರ ಮನೆಯಲ್ಲಿ ಏನು ಕಳೆದರೂ ಮೊದಲ ಫೋನು ಅವರಿಗೇ. ಅವರು ಯೋಚಿಸುತ್ತಾರೆ, ನಾನು ಕೂಗಾಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಅದನ್ನು ನಾನು ಎಂದೂ ಮುಚ್ಚಿಟ್ಟವಳಲ್ಲ. ಆ ದಿನ ಹಾಳೆ ಎಣಿಸಲು ನೆರವಾಗಲೆಂದು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು.

ಪದ್ಮ ನಮ್ಮ ಕಡೆಯ ಡಾಕ್ಟರು. ಆದರೆ ಇಲ್ಲಿ ಲೈಸೆನ್ಸ್ ಸಿಗದೆ ಎಂಟು ವರ್ಷದಿಂದ ಲ್ಯಾಬಿನಲ್ಲಿ ಬೇರೆಯವರ ರಕ್ತ ತೆಗೆಯುತ್ತ ಕೂತಿದ್ದಳು. ದುಡಿಯುವವರ ಮುಂದೆ ಸರ್ಕಾರ ಲೈಸೆನ್ಸ್ ಹಿಡಿದು ಅಡ್ಡ ನಿಲ್ಲಬಾರದು ಎನ್ನುವ ಲಿಬರ್ಟೇರಿಯನ್ನರ ಪುಟ್ಟ ಪಕ್ಷವನ್ನು ಅವಳು ಸೇರಿದ್ದು ಅದಕ್ಕೇ. ಆದರೆ ಹೊಸ ಪಕ್ಷದ ಹೆಸರು ರಾಜ್ಯದ ಮತಪತ್ರದಲ್ಲಿ ಬರಬೇಕಾದರೆ ಸಾವಿರಗಟ್ಟಲೆ ಮತದಾರರ ಸಹಿ ಬೇಕು. ಪದ್ಮ ಬೇಸಿಗೆಯಿಡೀ ಅಂಗಡಿಗಳ ಬಾಗಿಲಲ್ಲಿ ನಿಂತು ಸಾವಿರದ ಇನ್ನೂರು ಸಹಿ ಕೂಡಿಸಿ, ಪ್ರತಿ ಹಾಳೆಯ ಮೇಲೂ ನೋಟರಿಯ ಮುಂದೆ ಪ್ರಮಾಣ ಮಾಡಿದ್ದಳು. ಸೋಮವಾರ ಸಂಜೆ ಐದರೊಳಗೆ ಎಲ್ಲವೂ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್ ತಲುಪಬೇಕಿತ್ತು. ಅವಳ ಹಾಳೆಗಳಿಲ್ಲದಿದ್ದರೆ ಲೆಕ್ಕ ಸಾಲುತ್ತಿರಲಿಲ್ಲ, ಅಷ್ಟು ಜನರ ದುಡಿಮೆ ನೀರುಪಾಲು.

"ಆಂಟಿ, ಎಲ್ಲಾ ಮುಗೀತು!" ಎಂದಳು ಪದ್ಮ. ಅಳುವುದಕ್ಕೂ ಅವಳಿಗೆ ತೋಚಲಿಲ್ಲ.

ಅವಳ ಗಂಡ ಬದರೀನಾಥ ಬಗ್ಗಿ ಹಾಳೆಗಳನ್ನು ಆಯತೊಡಗಿದ. ಒಂದು ಹಾಳೆ ಕಾಲಿಗೆ ತಾಗಿತು. ಅದನ್ನು ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟ. ಪಾಪದ ಮನುಷ್ಯ. ಹೈವೇ ಎಂದರೆ ಹೆದರುವ ಹೆಂಡತಿಯನ್ನು ಬೇಸಿಗೆಯಿಡೀ ಅಂಗಡಿಯಿಂದ ಅಂಗಡಿಗೆ ಕರೆದೊಯ್ದವನು ಅವನೇ.

ಮನೆಯ ಯಜಮಾನ ಜಯಸಿಂಹ ಧಾರವಾಡದ ಕಡೆಯ ಇಂಜಿನಿಯರು. ಸಹಿ ಸಂಗ್ರಹದ ಉಸ್ತುವಾರಿ ಅವರದು. "ನಿನ್ನೆ ಸಂಜಿ ಬದರಿ ತಂದುಕೊಟ್ಟ ಲಕೋಟಿ ಇದ. ಹಾಳಿಗೆ ನಂಬರ್ ಹಾಕಬೇಕು ಅಂತ ಈಗ ತೆರಸಿದೆ. ಇಲ್ಲಾಂದ್ರ ಹಂಗ ಸ್ಪ್ರಿಂಗ್‌ಫೀಲ್ಡಿಗೆ ಹೋಗ್ತಿತ್ತು ನೋಡ್ರಿ!"

"ನಿನ್ನೆ ಬೇರೆ ಯಾರಾದ್ರೂ ಬಂದಿದ್ರಾ?" ಎಂದು ಆಂಟಿ ಕೇಳಿದರು.

"ಡೊನೊವನ್ ಬಂದಿದ್ದ. ದೊಡ್ಡ ಪಕ್ಷದ ಓಣಿ ಲೀಡರ್. ಈ ಹುಚ್ಚಾಟ ಸಾಕು ಮಾಡ್ರಿ ಅಂತ ಹೇಳ್ಲಿಕ್ಕೆ. ನಾ ಫೋನ್ ಎತ್ತಲಿಕ್ಕೆ ಮ್ಯಾಲೆ ಹೋದಾಗ ಹತ್ತು ನಿಮಿಷ ಒಬ್ಬಾವನ ಇಲ್ಲಿದ್ದ. ಲಕೋಟಿ ಮೇಜಿನ ಮ್ಯಾಲ ಇತ್ತು."

"ಸಿಕ್ಕಿಬಿದ್ದ ಕಳ್ಳ!" ನಾನು ಎದ್ದೇ ನಿಂತೆ. "ಖಾಲಿ ಫಾರಂ ಇಲ್ಲೇ ಕಟ್ಟುಗಟ್ಟಲೆ ಬಿದ್ದಿದೆ. ಬದಲಾಯಿಸೋಕೆ ಎಷ್ಟು ಹೊತ್ತು? ನಡೀರಿ, ಅವನ ಮನೆಗೇ ಹೋಗೋಣ."

"ಕೂತ್ಕೋ ರೇಣು," ಎಂದರು ಆಂಟಿ. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸ್ಬೇಡ."

ಅವರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಡಿಕೆಯ ಅಂಚಿನಿಂದ ಒಣಗಿದ ಬಿಳಿ ಚೂರನ್ನು ಉಗುರಿನಿಂದ ಕೆರೆದು, ಮೂಸಿ, ತಟ್ಟೆಗೆ ಹಾಕಿದರು. ಅದರಲ್ಲೊಂದು ಪುಟ್ಟ ಕಪ್ಪು ಕಾಳು ಅಂಟಿಕೊಂಡಿತ್ತು. ಆಂಟಿ ಕೇಳಿದ್ದಕ್ಕೆ ಜಯಸಿಂಹರ ಹೆಂಡತಿ ಶಾರದ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತಂದುಕೊಟ್ಟಳು. ಒಂದು ತೊಟ್ಟು ಬಿದ್ದದ್ದೇ ತಡ, ಬಿಳಿ ಚೂರು ಕಡುನೀಲಿಯಾಯಿತು.

"ಪದ್ಮಾ, ಲಕೋಟೆ ಹ್ಯಾಗೆ ಅಂಟಿಸಿದ್ದೆ?"

"ನೀರು ಹಚ್ಚಿ, ಆಂಟಿ. ನಾಲಿಗೇಲಿ ನೆಕ್ಕಿ ಎಂಜಲು ಮಾಡೋಕೆ ನಂಗಾಗಲ್ಲ. ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೋಗ್ಬೇಕಿತ್ತು. ಲಕೋಟೆ, ಮೊಸರನ್ನದ ಡಬ್ಬಿ ಎರಡನ್ನೂ ಇವರ ಕೈಗೆ ಕೊಟ್ಟು ಓಡಿದೆ."

"ಶಾರದಾ, ನಿನ್ನೆ ನಿಮ್ಮನೇಲಿ ಏನಡಿಗೆ?"

ಶಾರದ ಕಣ್ಣರಳಿಸಿದಳು. "ನಿನ್ನೆ ಏಕಾದಶಿ ಅಲ್ರೀ! ಒಲಿನೂ ಹಚ್ಚಿಲ್ಲ. ಮಕ್ಕಳು ಬ್ರೆಡ್ ತಿಂದ್ವು. ಇವತ್ತು ದ್ವಾದಶಿ, ಈಗ ಅನ್ನಕ್ಕಿಡಬೇಕು."

ಆಂಟಿ ತಟ್ಟೆಯನ್ನು ಮೇಜಿನ ನಡುವೆ ಇಟ್ಟು ಎಲ್ಲರನ್ನೂ ಸುತ್ತ ಕೂರಿಸಿದರು. ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ.

"ಅಯೋಡಿನ್ ತಾಗಿ ನೀಲಿ ಆದ್ರೆ ಅದು ಪಿಷ್ಟ. ಈ ಲಕೋಟೇನ ಯಾರೋ ಬಿಚ್ಚಿ, ಅನ್ನದ ಅಗುಳು ಒತ್ತಿ ಮತ್ತೆ ಅಂಟಿಸಿದಾರೆ. ಊರಲ್ಲಿ ನಾವೆಲ್ಲ ಕಾಗದ ಅಂಟಿಸ್ತಿದ್ದದ್ದೇ ಹಾಗೆ. ಡೊನೊವನ್ ಆಗಿದ್ರೆ ಈ ಮೇಜಿನ ಮೇಲಿರೋ ಟೇಪ್ ಹಚ್ಚಿರೋನು. ಅವನಿಗೆ ಅನ್ನ ಎಲ್ಲಿಂದ ಬರ್ಬೇಕು?"

"ಅಂದ್ರೆ ನಮ್ಮವರೇನಾ?" ಎಂದೆ ನಾನು.

"ನಮ್ಮವರೇ. ಆದ್ರೆ ಈ ಮನೇಲಿ ಅಲ್ಲ. ನಿನ್ನೆ ಇಲ್ಲಿ ಅನ್ನವೇ ಬೆಂದಿಲ್ಲ. ಲಕೋಟೆ ಇಲ್ಲಿಗೆ ಬರೋಕ್ಕೆ ಮುಂಚೇನೇ ಖಾಲಿ ಆಗಿತ್ತು. ಈ ಕಪ್ಪು ಕಾಳು ಸಾಸಿವೆ. ಚೂರಿಗೆ ಹುಳಿ ವಾಸನೆ ಇದೆ. ಒಗ್ಗರಣೆ ಹಾಕಿದ ಮೊಸರನ್ನ." ಆಂಟಿ ನಿಧಾನವಾಗಿ ತಿರುಗಿದರು. "ಕಾರಲ್ಲಿ ಅಂಟು ಇರ್ಲಿಲ್ಲ, ಅಲ್ವಾ ಬದರಿ? ಮಡಿಲಲ್ಲಿ ಊಟದ ಡಬ್ಬಿ ಇತ್ತು."

ನನಗೆ ನಂಬಲಾಗಲಿಲ್ಲ. ಇವನೇ? ಬಿಸಿಲಲ್ಲಿ ನಿಂತ ಹೆಂಡತಿಯ ತಲೆಗೆ ಕೊಡೆ ಹಿಡಿದವನು?

"ರೀ," ಎಂದಳು ಪದ್ಮ. "ಇಲ್ಲಾ ಅನ್ನಿ. ಒಂದ್ಸಲ ಇಲ್ಲಾ ಅನ್ನಿ."

ಅವನು ಅನ್ನಲಿಲ್ಲ. "ನಿನ್ನೆ ಮಧ್ಯಾಹ್ನ ಡೊನೊವನ್ ಪಾರ್ಕಿಂಗ್ ಲಾಟಲ್ಲಿ ಸಿಕ್ಕಿದ್ದ. 'ಮುಂದಿನ ತಿಂಗಳು ನಿನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಅಂತೆ. ಹೆಂಡತಿ ಸರ್ಕಾರಾನೇ ಬೇಡ ಅನ್ನೋರ ಜೊತೆ ಓಡಾಡ್ತಾಳೆ ಅಂತ ಗೊತ್ತಾದ್ರೆ?' ಅಂದು ನಕ್ಕುಬಿಟ್ಟ. ನಿಂಗಾಗ್ಲೇ ಸಿಟಿಜನ್‌ಶಿಪ್ ಸಿಕ್ಕಿದೆ, ಪದ್ಮಾ. ನನ್ನ ವಾಪಸ್ ಕಳಿಸಿದ್ರೆ? ಹೆದರಿಕೊಂಡೆ. ಕಾರಲ್ಲಿ ಉಳಿದಿದ್ದ ಖಾಲಿ ಫಾರಂ ಕಟ್ಟನ್ನೇ ಲಕೋಟೆಗೆ ತುಂಬಿಸಿಬಿಟ್ಟೆ. ಯಾರೂ ಇಲ್ಲಿ ತೆಗೆದು ನೋಡಲ್ಲ, ಅಲ್ಲಿ ಆಫೀಸಿನವರು ತಿರಸ್ಕರಿಸ್ತಾರೆ, ಅಷ್ಟಕ್ಕೆ ಮುಗಿಯತ್ತೆ ಅಂದ್ಕೊಂಡೆ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ. ನನ್ನಿಂದ ಬಿಟ್ಟೆ ಅಂತ ಆಗ್ತಿತ್ತು."

ನನಗೆ ಮೈಯೆಲ್ಲ ಉರಿಯಿತು. "ಥೂ! ಹಾಳೆ ಏನ್ಮಾಡಿದ್ರಿ? ಸುಟ್ಟುಬಿಟ್ರಾ?"

"ಸುಟ್ಟಿರಲ್ಲ," ಎಂದರು ಆಂಟಿ. "ಖಾಲಿ ಕಾಗದ ಕಾಲಿಗೆ ತಾಗಿದ್ರೆ ಕಣ್ಣಿಗೊತ್ತಿಕೊಳ್ಳೋ ಮನುಷ್ಯ ಬರೆದ ಕಾಗದ ಸುಡ್ತಾನಾ? ಸರಸ್ವತಿ ಅಂತ ಎಲ್ಲೋ ಜೋಪಾನವಾಗಿ ಇಟ್ಟಿದಾನೆ. ಎಲ್ಲಿಟ್ಟಿದೀಯಪ್ಪ?"

ಬದರಿ ತಲೆ ಎತ್ತಲಿಲ್ಲ. "ದೇವರ ಕಪಾಟಲ್ಲಿ. ವೆಂಕಟರಮಣನ ಪಟದ ಹಿಂದೆ."

ಪದ್ಮ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ! ಇವತ್ತು ಬೆಳಿಗ್ಗೆ ಅದರ ಮುಂದೇನೇ ದೀಪ ಹಚ್ಚಿದೀನಿ. ಹಾಳೆ ಸುರಕ್ಷಿತವಾಗಿ ಸ್ಪ್ರಿಂಗ್‌ಫೀಲ್ಡ್ ಸೇರ್ಲಿ ಅಂತ ಕೈಮುಗಿದಿದೀನಿ. ನೀವು ನನ್ನ ಪಕ್ಕದಲ್ಲೇ ನಿಂತು ಮಂಗಳಾರತಿ ತಗೊಂಡ್ರಿ." ಆಗ ಅವಳಿಗೆ ಅಳು ಬಂತು.

ನಾನೇ ಹೋಗಿ ಹಾಳೆಗಳನ್ನು ತಂದೆ. ಅರವತ್ತೂ ಇದ್ದವು, ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ. ಜಯಸಿಂಹ ಒಂದೊಂದಕ್ಕೂ ನಂಬರು ಹಾಕಿದರು. ಶಾರದ ಎಲ್ಲರಿಗೂ ಬಡಿಸಿದಳು. ಬದರಿ ಅನ್ನ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ನಾನೂ ಆಂಟಿಯೂ ಬೀಳ್ಕೊಡಲು ಹೋದೆವು. ಬೇರೆ ಪೆಟ್ಟಿಗೆಗಳನ್ನು ಜಯಸಿಂಹ ತಮ್ಮ ಕಾರಿಗೆ ಹಾಕಿಕೊಂಡಿದ್ದರು. ಪದ್ಮಳ ಲಕೋಟೆಯನ್ನೂ ಕೇಳಿ, ಅಂಟಿಸಲು ಟೇಪ್ ತೆಗೆದರು.

"ಬೇಡಿ, ಜಯಸಿಂಹ ಅವರೇ," ಎಂದಳು ಪದ್ಮ. "ಅಂಟಿಸಬೇಡಿ. ಇದನ್ನ ನಾವೇ ತರ್ತೀವಿ."

ಎಂದಿನಂತೆ ಬದರಿ ಡ್ರೈವರ್ ಬಾಗಿಲಿಗೆ ಹೋದ. ಪದ್ಮ ಕೈ ಚಾಚಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೀಲಿಕೈ ಅವಳ ಅಂಗೈಯಲ್ಲಿಟ್ಟು ಆ ಬದಿಗೆ ಹೋಗಿ ಕೂತ. ಅವಳು ಬಾಯಿ ತೆರೆದ ಲಕೋಟೆಯನ್ನು ಅವನ ಮಡಿಲಲ್ಲಿಟ್ಟಳು.

"ಇನ್ನೂರು ಮೈಲಿ ಇದೆ," ಎಂದಳು. "ಅಲ್ಲೀವರೆಗೂ ನಿಮ್ಮ ಕೈಯಲ್ಲೇ ಇರ್ಲಿ. ಒಳಗೆ ಹೋಗಿ ಕೊಡೋರೂ ನೀವೇ."

"ನನ್ನ ಹೆಸರು ಕೇಳಿದ್ರೆ?"

"ಹೇಳಿ."

ಹೈವೇಗೆ ಹೆದರುತ್ತಿದ್ದ ಆ ಹೆಂಗಸು ಗೇರ್ ಹಾಕಿದಳು. ಕಾರು ಒಮ್ಮೆ ಜಗ್ಗಿ ಮುಂದಕ್ಕೆ ಹೋಯಿತು. ಬದರಿ ಎರಡೂ ಕೈಗಳಿಂದ ಲಕೋಟೆಯನ್ನು ಅವಚಿಕೊಂಡಿದ್ದ. ತಿರುವು ದಾಟುವವರೆಗೂ ಅವನು ತಲೆ ಎತ್ತಿದ್ದನ್ನು ನಾನು ಕಾಣಲಿಲ್ಲ.