ಹೆಸರಿಡದ ಮರಿ

ಜೊತೆ ಕೆಲಸದ ಎಮೆಟ್ ಕಳ್ಳ ಎಂದು ನನಗೆ ಗೊತ್ತಾದದ್ದು ಕೊಟ್ಟಿಗೆಯೊಳಗಿನ ಊಟದ ಕೋಣೆಯಲ್ಲಿ. ಮಾಂಸ-ಕಾಳಿನ ಚಿಲ್ಲಿ ಸಾರಿನ ಬಟ್ಟಲು, ದಾಲ್ಚಿನ್ನಿ ರೋಲು ಮುಂದಿಟ್ಟುಕೊಂಡು, ನನಗೆ ಬೆನ್ನು ತಿರುಗಿಸಿ, ಮೂರು ಕ್ಯಾಪ್ಸೂಲ್ ಬಾಯಿಗೆ ಹಾಕಿಕೊಂಡ.

ಅವು ನನಗೆ ಗೊತ್ತಿಲ್ಲದವೇ? ದಿನಾ ಬಿಡಿಸಿ ಮರಿಗಳ ಹಾಲಿಗೆ ಬೆರೆಸುವವಳೇ ನಾನು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಮನುಷ್ಯರ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಜೀನ್ ತಿದ್ದಿ ಹುಟ್ಟಿಸಿದ ಹಂದಿಮರಿಗಳು. ಜೀರ್ಣಕ್ಕೆ ಬೇಕಾದ ಆ ಮಾತ್ರೆಯಿಲ್ಲದೆ ಕುಡಿದದ್ದು ಅವುಗಳ ಮೈಗೆ ಹತ್ತುವುದಿಲ್ಲ. ಆ ವಾರ ಎಲ್ಲವೂ ಬಡಕಲಾಗಿದ್ದವು, ನಲವತ್ತೊಂದನೇ ಮರಿಯಂತೂ ಸೊರಗಿ ಕಡ್ಡಿಯಾಗಿತ್ತು.

ಹೊರಗಿನ ಸೋಂಕು ತಗಲದಿರಲೆಂದು ನಮ್ಮ ಕೊಟ್ಟಿಗೆಗೆ ಸ್ನಾನ ಮಾಡಿ, ಇಲ್ಲಿನ ಬಟ್ಟೆ ತೊಟ್ಟು, ಬರಿಗೈಯಲ್ಲೇ ಬರಬೇಕು. ಉಂಗುರವನ್ನೂ ಬಿಡುವುದಿಲ್ಲ. ಅಂದಮೇಲೆ ಮಾತ್ರೆ ಎಲ್ಲಿಂದ ಬಂತು? ನನ್ನ ಕಪಾಟಿನಿಂದಲೇ.

ಮೂರು ತಿಂಗಳಿಂದ ನನ್ನ ಬೂಟು ತೊಳೆದಿಟ್ಟು, ಓರೆಗಣ್ಣಲ್ಲಿ ನೋಡಿ ನಗುತ್ತಿದ್ದದ್ದು ಇದಕ್ಕೇನಾ? ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಕೊಟ್ಟಿಗೆಯ ಮುಖ್ಯಸ್ಥೆ ಹೆಲ್ಗಾ ಡಾಕ್ಟರಿಗೆ ಹೇಳಿದರೆ ಇವನು ಹೋಗುತ್ತಾನೆ, ಹೇಳದಿದ್ದರೆ ಮರಿ ಹೋಗುತ್ತದೆ.

"ಬಾಯಿ ತೆಗಿ," ಅಂದೆ.

"ಹಲ್ಲಿನ ಡಾಕ್ಟ್ರು ಯಾವಾಗ ಆದೆ, ಡಾರ್ಲಾ?"

"ತಮಾಷೆ ಸಾಕು. ಮರಿಗಳ ಮಾತ್ರೆ ಕದ್ದು ತಿಂತಿದೀಯ. ಹೆಲ್ಗಾ ಡಾಕ್ಟ್ರಿಗೆ ಈಗ್ಲೇ ಹೇಳ್ತೀನಿ."

"ಹೇಳು. ಅವ್ರೇ ಡಬ್ಬಿ ಔಷಧದಲ್ಲಿ ಒರೆಸಿ, ನಮ್ಮ ಊಟ ಬರೋ ಕಿಟಕಿ ಪೆಟ್ಟಿಗೇಲಿ ಇಟ್ಟು ಕಳಿಸೋದು." ಬಟ್ಟಲು ಸರಿಸಿದ. "ಅವು ನಂದೇ. ಮರಿಗಳಿಗಿರೋ ಕಾಯಿಲೆ ನಂಗೂ ಇದೆ, ಹುಟ್ಟಿದಾಗಿಂದ."

ಅವನ ಕೆಮ್ಮನ್ನು ನಾನು ಮೇವಿನ ಧೂಳೆಂದುಕೊಂಡಿದ್ದೆ.

"ಮೂರು ತಿಂಗಳು ಬಾಯಿ ಬಿಡ್ಲಿಲ್ವಲ್ಲೋ."

"ಮೊದಲ್ನೇ ದಿನ ನೀನೇ ಹೇಳಿದ್ದು. ಕಾಯಿಲೆ ಇಲ್ದೆ ಹುಟ್ಟಿದ ಗಟ್ಟಿ ಮರಿಗಳಿಗೆ ಹೆಸರಿಡ್ತೀನಿ, ಕಾಯಿಲೆಯವಕ್ಕೆ ನಂಬರೇ ಸಾಕು, ಹೆಸರಿಟ್ರೆ ಹಚ್ಕೊಂಡ್‌ಬಿಡ್ತೀನಿ ಅಂತ." ತಲೆ ತಗ್ಗಿಸಿದ. "ನಂಗೆ ನಿನ್ನತ್ರ ನಂಬರ್ ಆಗೋಕೆ ಇಷ್ಟ ಇರ್ಲಿಲ್ಲ."

ಅವನೆದುರಿನ ಕುರ್ಚಿ ಎಳೆದು ಕೂತೆ. ಕೇಳಿದೆ, "ಮತ್ತೆ ನಲವತ್ತೊಂದು ಯಾಕೆ ಸೊರಗ್ತಿದೆ?"

"ಮಾತ್ರೆ ಯಾವಾಗ ಬೆರೆಸ್ತೀಯ?"

"ಈ ವಾರದಿಂದ, ಹಾಲು ಬಿಸಿ ಇದ್ದಾಗ. ಚೆನ್ನಾಗಿ ಕರಗ್ಲಿ ಅಂತ."

"ಬಿಸಿಗೆ ಅದು ಕೆಟ್ಟೋಗುತ್ತೆ ಕಣೆ. ನಮ್ಮಮ್ಮನೂ ಒಂದ್ಸಲ ಹಾಗೇ ಮಾಡಿದ್ಲು. ಆರಿದ್ಮೇಲೆ ಹಾಕು."

ಕಳ್ಳನನ್ನು ಹುಡುಕುತ್ತಿದ್ದೆ. ತಪ್ಪು ನನ್ನ ಕೈಯಲ್ಲೇ ಇತ್ತು.

ವಾರ ಕಳೆಯುವಷ್ಟರಲ್ಲಿ ಮರಿ ಮೈತುಂಬಿಕೊಂಡು ನನ್ನ ಬೂಟು ಕಚ್ಚತೊಡಗಿತು. ಅದರ ಹಲಗೆಯ ಮೇಲಿನ ನಂಬರ್ ಒರೆಸಿ, ಸೀಮೆಸುಣ್ಣದಲ್ಲಿ 'ಪರ್ಲ್' ಎಂದು ಬರೆದೆ.

ಎಮೆಟ್ ಪಕ್ಕಕ್ಕೆ ಬಂದು ನಿಂತ. "ಹಚ್ಕೊಂಡ್‌ಬಿಡ್ತೀಯ, ನೋಡು."

"ಹಚ್ಕೊಂಡಾಯ್ತು," ಎಂದು ಅವನ ಕೈ ಹಿಡಿದೆ. "ನಿಂಗೆ ನಂಬರ್ ಕೊಡೋಣ ಅಂದ್ರೂ ಮೂರು ತಿಂಗಳು ತಡವಾಗೋಯ್ತು."